ಕೆಮ್ಮದ ನಲವತ್ತು ನಿಮಿಷ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮಿದುಳಿನ ಚಿತ್ರ ತೆಗೆಯುವ ವಿಭಾಗವಿತ್ತು. ಅಲ್ಲಿನ ತಂತ್ರಜ್ಞನನ್ನು ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರ್‌ವರೆಗೆ ಎಲ್ಲರೂ ಕರೆಯುತ್ತಿದ್ದುದು ಸುಮ್ನಿರಣ್ಣ ಎಂದು. ದಿನವಿಡೀ ಬಂದವರಿಗೆಲ್ಲ ‘ಸುಮ್ನಿರಿ’ ಎನ್ನುವುದೇ ಅವನ ಕೆಲಸವಾದ್ದರಿಂದ ಅಂಟಿಕೊಂಡ ಹೆಸರು. ಹಾಗೆಂದು ಅವನೇನೂ ಸುಮ್ಮನಿರುವ ಆಸಾಮಿಯಲ್ಲ. ಮನೆಯಲ್ಲಿ ಆ ಮಾತನ್ನು ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತಿದ್ದುದು ಅವನ ಹೆಂಡತಿ.

ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ತಾಳ್ಮೆ ಬೇಕು. ಮಿದುಳು ಸಕ್ಕರೆ ತಿಂದು ಬದುಕುವ ಅಂಗ. ವಯಸ್ಸಾಗುತ್ತ ಅದರ ಹಸಿವು ಹೇಗೆ ಬದಲಾಗುತ್ತದೆ, ಮರೆವಿನ ಕಾಯಿಲೆ ಬಂದಾಗ ಯಾವ ಮೂಲೆಯಲ್ಲಿ ಮೊದಲು ಕುಗ್ಗುತ್ತದೆ ಎಂಬುದನ್ನು ತಿಳಿಯಲು ಆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಒಂದು ಅಧ್ಯಯನ ನಡೆಯುತ್ತಿತ್ತು. ಅದೇ ಜನ ಎರಡು ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಬೆರಳು ಚುಚ್ಚಿ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡಬೇಕು. ಆಮೇಲೆ ಸಕ್ಕರೆಯಂತೆಯೇ ಇರುವ, ಒಂದಿಷ್ಟು ವಿಕಿರಣ ಬೆರೆಸಿದ ಮದ್ದನ್ನು ರಕ್ತನಾಳಕ್ಕೆ ಚುಚ್ಚಬೇಕು. ಹಸಿದ ಮಿದುಳು ಅದನ್ನೇ ಸಕ್ಕರೆಯೆಂದು ನಂಬಿ ಎಳೆದುಕೊಳ್ಳುತ್ತದೆ. ಹೆಚ್ಚು ಎಳೆದುಕೊಂಡ ಜಾಗ ಚಿತ್ರದಲ್ಲಿ ಬೆಳಗುತ್ತದೆ, ಕಡಿಮೆ ಎಳೆದುಕೊಂಡದ್ದು ಮಂಕಾಗುತ್ತದೆ.

ಮದ್ದು ಚುಚ್ಚಿದ ಮೇಲೆ ಚಿತ್ರ ತೆಗೆಯುವವರೆಗಿನ ನಲವತ್ತು ನಿಮಿಷ ಸುಮ್ನಿರಣ್ಣನ ಸಾಮ್ರಾಜ್ಯ. ಮಂದ ಬೆಳಕಿನ ಚಿಕ್ಕ ಕೋಣೆ, ಒಂದು ಒರಗು ಕುರ್ಚಿ, ಗೋಡೆಯಲ್ಲಿ ಗಾಜಿನ ಕಿಟಕಿ. ಒಳಗಿದ್ದವರು ಮಾತಾಡಿದರೆ ಮಾತಿನ ಭಾಗ ಸಕ್ಕರೆ ತಿನ್ನುತ್ತದೆ, ಓದಿದರೆ ಓದುವ ಭಾಗ. ಅದಕ್ಕೇ ಬಾಯಿಗೆ ಬೀಗ, ಕೈಗೆ ಬೀಗ. ಸುಮ್ನಿರಣ್ಣ ಕಿಟಕಿಯ ಈಚೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಸುಮ್ಮನಿರಿಸುವುದೂ ಒಂದು ಕಲೆ, ಅದು ಎಲ್ಲರಿಗೂ ಒಲಿಯುವುದಿಲ್ಲ ಎಂಬುದು ಅವನ ವಾದ. ಕೈತೊಳೆಯುವ ಬೇಸಿನ್ ಪಕ್ಕದ ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದ: ತೆಗೆದದ್ದು ೬೧೪, ಕೆಟ್ಟದ್ದು ೦. ಹೊಸಬರು ಯಾರೇ ಬಂದರೂ ಏನೋ ಹುಡುಕುವ ನೆಪದಲ್ಲಿ ಆ ಕಪಾಟನ್ನು ಒಮ್ಮೆ ತೆರೆಯುತ್ತಿದ್ದ.

ಆ ಸೊನ್ನೆಗೆ ಸಂಚಕಾರ ಬಂದದ್ದು ಎಕ್ಸ್‌ಚೇಂಜ್ ಅಮ್ಮನಿಂದ.

ಆಕೆಗೆ ಎಪ್ಪತ್ತಾರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಮೂರು ವರ್ಷ ಕೂತು ಊರಿನವರ ಮಾತನ್ನೆಲ್ಲ ಒಂದು ತೂತಿನಿಂದ ಇನ್ನೊಂದು ತೂತಿಗೆ ಸಿಕ್ಕಿಸಿದವರು. ಅಧ್ಯಯನದ ಆರೋಗ್ಯವಂತರ ಗುಂಪಿನಲ್ಲಿ ಮೊದಲ ವರ್ಷದಿಂದ ಇದ್ದರು, ಆ ಬಗ್ಗೆ ಅವರಿಗೆ ಸಣ್ಣ ಕೊಂಬೂ ಇತ್ತು. ಮಗಳು ನಗರದ ಬಸ್ಸು ಓಡಿಸುತ್ತಿದ್ದಳು. ಪಾಳಿಯ ಕೆಲಸ. ಎರಡೂವರೆ ವರ್ಷದ ಮೊಮ್ಮಗಳು ಪಾಪು ಬೆಳಿಗ್ಗೆಯಿಂದ ಸಂಜೆವರೆಗೆ ಅಜ್ಜಿಯ ಸುಪರ್ದಿ.

“ನೋಡಪ್ಪಾ, ಮಗಳಿಗೆ ಹೇಳಿಬಿಟ್ಟಿದೀನಿ,” ಎಂದು ಆ ದಿನವೂ ಕುರ್ಚಿಯಲ್ಲಿ ಕೂರುತ್ತಲೇ ಶುರುಮಾಡಿದರು. “ನನ್ನ ತಲೆ ಒಂಚೂರು ಹಿಂದೆಮುಂದೆ ಆಗಿದೆ ಅಂತ ನಿಮ್ಮ ಡಾಕ್ಟರ್ ಮೇಡಂ ಹೇಳಿದ ದಿನ, ಪಾಪೂನ ನಾನೇ ಅವಳ ಕೈಗೆ ವಾಪಸ್ ಕೊಡ್ತೀನಿ. ಒಲೆ ಹಚ್ಚಿ ಮರೆತು ಕೂರೋ ಅಜ್ಜಿ ಹತ್ರ ಮಗು ಇರಬಾರದು. ಅದು ನನ್ನ ಕಾನೂನು.”

“ನಿಮ್ಮ ತಲೆಗೇನಾಗಿದೆ ಅಮ್ಮಾ, ನನ್ನ ಫೋನ್ ನಂಬರ್ ನನಗಿಂತ ಚೆನ್ನಾಗಿ ನಿಮಗೆ ಗೊತ್ತು,” ಎಂದು ಸುಮ್ನಿರಣ್ಣ ಬೆರಳು ಚುಚ್ಚಿದ. ಗಂಟೆ ಎಂಟೂ ಹತ್ತು. ಸಕ್ಕರೆ ತೊಂಬತ್ತೆರಡು. ಚಿನ್ನದಂಥ ಅಂಕಿ.

ಆಮೇಲೆ ಗೊತ್ತಾಯಿತು, ಮದ್ದು ತರುವ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿದೆಯಂತೆ. ಆ ಮದ್ದನ್ನು ಮಾಡಿಟ್ಟುಕೊಂಡು ಕೂರುವ ಹಾಗಿಲ್ಲ. ಎರಡು ಗಂಟೆಯೊಳಗೆ ಅದರ ಕಸುವು ಅರ್ಧಕ್ಕಿಳಿಯುತ್ತದೆ. ಬೆಳಿಗ್ಗೆ ಮಾಡಬೇಕು, ಬೆಳಿಗ್ಗೆಯೇ ಬರಬೇಕು. ಸುಮ್ನಿರಣ್ಣ ಫೋನಿಗೂ ಲಿಫ್ಟಿಗೂ ಗೇಟಿಗೂ ಓಡಾಡತೊಡಗಿದ. ಅಮ್ಮ ಕಾಯುವ ಜಾಗದಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂದು ಸಲ ಅವನು ಹಾದುಹೋಗುವಾಗ ಖೊಕ್ ಎಂದು ಕೆಮ್ಮಿದರು.

“ಅಮ್ಮಾ, ಒಳಗೆ ಹೋದ್ಮೇಲೆ ಕೆಮ್ಮಿದ್ರೆ ನನ್ನ ಕಥೆ ಮುಗೀತು! ಆರುನೂರ ಹದಿನಾಲ್ಕು ಚಿತ್ರ, ಒಂದೂ ಕೆಟ್ಟಿಲ್ಲ, ಗೊತ್ತಲ್ಲ?”

ತಮಾಷೆಗೆ ಅಂದದ್ದು. ಒಂದೆರಡು ಕೆಮ್ಮಿನಿಂದ ಚಿತ್ರ ಕೆಡುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಮ್ಮ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿದರು.

“ಮೂವತ್ಮೂರು ವರ್ಷ ಲೈನಲ್ಲಿ ಕೂತು ಒಂದು ಸಲಾನೂ ಕೆಮ್ಮಿದೋಳಲ್ಲ ನಾನು. ನಿನ್ನ ಸೊನ್ನೆ ನನ್ನಿಂದ ಹೋಗಲ್ಲ, ಹೋಗು.”

ಗಾಡಿ ಬಂದಾಗ ಹತ್ತೂ ಐವತ್ತು. ಮದ್ದಿನ ಕಸುವು ಇಳಿಯುತ್ತಿತ್ತು. ಸುಮ್ನಿರಣ್ಣ ಒಂದೇ ಉಸಿರಿನಲ್ಲಿ ಎಲ್ಲ ಸಿದ್ಧ ಮಾಡಿ ಹನ್ನೊಂದೂ ಐದಕ್ಕೆ ಚುಚ್ಚಿದ. ಅಮ್ಮ ನಲವತ್ತು ನಿಮಿಷ ಕಲ್ಲಿನಂತೆ ಕೂತರು. ಒಂದು ಸಲವೂ ಕೆಮ್ಮಲಿಲ್ಲ, ರೆಪ್ಪೆ ಬಡಿಯುವುದಕ್ಕೂ ಯೋಚಿಸಿದಂತಿತ್ತು. ಕಿಟಕಿಯಾಚೆ ನಿಂತವನಿಗೆ ಎದೆ ತುಂಬಿ ಬಂತು. ಸಂಜೆ ಕಪಾಟು ತೆರೆದು ಹದಿನಾಲ್ಕನ್ನು ಹದಿನೈದು ಮಾಡಿದ.

ಒಂಬತ್ತು ದಿನಗಳ ನಂತರ ದೊಡ್ಡ ಡಾಕ್ಟರ್ ಅವನನ್ನು ಕರೆದರು. ಆಕೆ ಮಾತಿನಲ್ಲಿ ಬಲು ಜಿಪುಣಿ. ಕಂಪ್ಯೂಟರಿನ ಪರದೆಯಲ್ಲಿ ಎರಡು ಮಿದುಳುಗಳನ್ನು ಅಕ್ಕಪಕ್ಕ ಇಟ್ಟಿದ್ದರು.

“ಎಡಗಡೇದು ಎರಡು ವರ್ಷದ ಹಿಂದಿಂದು. ಬಲಗಡೇದು ಮೊನ್ನೆದು. ಎಕ್ಸ್‌ಚೇಂಜ್ ಅಮ್ಮ.”

ಸುಮ್ನಿರಣ್ಣ ನೋಡಿದ. ಎಡಗಡೆಯ ಚಿತ್ರದಲ್ಲಿ ಮಿದುಳು ಹಬ್ಬದ ಮನೆಯಂತೆ ಬೆಳಗುತ್ತಿದ್ದರೆ, ಬಲಗಡೆಯದರಲ್ಲಿ ಹಿಂಭಾಗ ಎರಡೂ ಬದಿಗೆ ಮಂಕಾಗಿತ್ತು. ಮರೆವಿನ ಕಾಯಿಲೆ ಮೊದಲು ಕಾಲಿಡುವ ಜಾಗವೇ ಅದು. ಹನ್ನೊಂದು ವರ್ಷದಲ್ಲಿ ಅಂಥ ಮಂಕನ್ನು ಅವನು ಎಷ್ಟೋ ತಲೆಗಳಲ್ಲಿ ಕಂಡಿದ್ದ.

“ಇದು ಅವರದಲ್ಲ ಮೇಡಂ.”

“ಹೆಸರು, ಸಂಖ್ಯೆ ಎಲ್ಲ ಸರಿಯಿದೆ.”

“ಅಲ್ಲ ಮೇಡಂ, ಅವರ ಬಾಯಲ್ಲಿ ಇನ್ನೂ ಊರಿನ ಅರ್ಧ ಫೋನ್ ನಂಬರ್ ಇದೆ!”

“ಮೊದಲು ಚಿತ್ರದಲ್ಲಿ ಬರುತ್ತೆ, ಬಾಯಿಗೆ ಬರೋದು ಆಮೇಲೆ. ನಿನಗೆ ನಾನು ಹೇಳ್ಕೊಡಬೇಕಾ? ಬೆಳಿಗ್ಗೆ ಅವರ ಮಗಳಿಗೆ ಫೋನ್ ಮಾಡಿದೀನಿ, ಶುಕ್ರವಾರ ಕರ್ಕೊಂಡು ಬರ್ತಾಳೆ.” ಡಾಕ್ಟರ್ ದನಿ ತಗ್ಗಿಸಿದರು. “ನನಗೂ ಬೇಜಾರೇ.”

ಸುಮ್ನಿರಣ್ಣ ತನ್ನ ಮೇಜಿಗೆ ಬಂದು ಕೂತ. ಊಟದ ಡಬ್ಬಿ ಹಾಗೇ ಉಳಿಯಿತು. ಡಾಕ್ಟರುಗಳು ನೋಡುವುದು ಕತ್ತರಿಸಿ ಚೊಕ್ಕ ಮಾಡಿದ ಮಿದುಳನ್ನು. ಯಂತ್ರ ತೆಗೆಯುವ ಮೂಲ ಚಿತ್ರದಲ್ಲಾದರೆ ಕೆನ್ನೆ, ದವಡೆ, ಕತ್ತು ಎಲ್ಲ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ತಂತ್ರಜ್ಞರನ್ನು ಬಿಟ್ಟು. ಅವನು ಆ ಮೂಲ ಚಿತ್ರವನ್ನು ತೆರೆದ. ಕತ್ತಿನ ಸ್ನಾಯುಗಳು ಎರಡೂ ಬದಿಗೆ ಹೊಳೆಯುತ್ತಿದ್ದವು.

ಅವನ ಕಿವಿ ನೆಟ್ಟಗಾಯಿತು. ಖಾಲಿ ಹೊಟ್ಟೆಯಲ್ಲಿ, ಕದಲದೆ ಕೂತವರ ಸ್ನಾಯು ಹೀಗೆ ಹೊಳೆಯುವುದಿಲ್ಲ. ಹೊಳೆಯುವುದು ತಿಂದು ಬಂದವರದು. ತಿಂದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ, ಸ್ನಾಯುಗಳು ಬಾಗಿಲು ತೆರೆದು ಬಂದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತವೆ. ಮಿದುಳಿಗೋ ನಿಜವಾದ ಸಕ್ಕರೆಯೇ ಧಾರಾಳ, ನಮ್ಮ ಮದ್ದು ಯಾರಿಗೆ ಬೇಕು? ಹೊಟ್ಟೆ ತುಂಬಿದವನ ಮುಂದೆ ತಟ್ಟೆ ಇಟ್ಟ ಹಾಗೆ. ಆಗ ಮಿದುಳಿನ ಹಿಂಭಾಗ ಥೇಟ್ ಕಾಯಿಲೆಯವರ ಹಾಗೆಯೇ ಮಂಕಾಗಿ ಕಾಣಬಹುದು.

ಆದರೆ ಅಮ್ಮ ತಿಂದಿರಲಿಲ್ಲ. ತೊಂಬತ್ತೆರಡು! ಅವನೇ ನೋಡಿದ್ದ. ಆ ದಿನದ ಹಾಳೆಯನ್ನು ಕಡತದಿಂದ ಎಳೆದ. ಬೆರಳು ಚುಚ್ಚಿದ್ದು ಎಂಟೂ ಹತ್ತು. ಮದ್ದು ಕೊಟ್ಟದ್ದು ಹನ್ನೊಂದೂ ಐದು. ಎರಡರ ನಡುವೆ ಒಂದು ಖಾನೆ: ‘ಒಂದು ಗಂಟೆಗಿಂತ ತಡವಾದರೆ ಮತ್ತೆ ಚುಚ್ಚಿ ನೋಡಿದ ಸಕ್ಕರೆ.’ ಅಲ್ಲಿ ಅಂಕಿ ಇರಲಿಲ್ಲ. ಅಡ್ಡಗೆರೆ ಇತ್ತು. ಆ ಗೆರೆ ಅವನದೇ ಕೈಯದು, ಕೊನೆಯಲ್ಲಿ ತುಸು ಮೇಲಕ್ಕೆ ಬಾಗಿದ್ದು.

ಹಾಕುವಾಗ ಏನಂದುಕೊಂಡಿದ್ದ ಎಂಬುದೂ ನೆನಪಾಯಿತು. ‘ಬೆಳಿಗ್ಗೆಯಿಂದ ನನ್ನ ಕಣ್ಣೆದುರೇ ಕೂತಿದ್ದಾರೆ, ಇನ್ನೇನು ನೋಡೋದು.’ ಎಲ್ಲಿಯ ಕಣ್ಣೆದುರು? ಇಡೀ ಬೆಳಿಗ್ಗೆ ಗೇಟಿಗೂ ಲಿಫ್ಟಿಗೂ ಓಡಾಡಿದವನು ಅವನು. ಸುಮ್ನಿರಣ್ಣ ನಾಲಿಗೆ ಕಚ್ಚಿಕೊಂಡ. ಆಮೇಲೆ ಫೋನ್ ಎತ್ತಿದ.

“ನಮಸ್ಕಾರ, ಯಾರು ಬೇಕಿತ್ತು?” ಎಂದಿತು ಆ ಕಡೆಯ ದನಿ, ಮೂವತ್ತಮೂರು ವರ್ಷದ ರೂಢಿಯಂತೆ.

“ಅಮ್ಮಾ, ನಾನು ಸುಮ್ನಿರಣ್ಣ. ಅವತ್ತು ಗಾಡಿಗೆ ಕಾಯ್ತಾ ಕೂತಿದ್ರಲ್ಲ, ಆಗ ಏನಾದ್ರೂ ತಿಂದ್ರಾ?”

“ತಿನ್ನೋದಾ? ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ. ಹೊಟ್ಟೆ ತಾಳ ಹಾಕ್ತಿತ್ತು, ಆದ್ರೂ ಮುಟ್ಟಿಲ್ಲ. ಯಾಕೆ, ಅದಕ್ಕೇನಾ ನಿಮ್ಮ ಮೇಡಂ ನನ್ನ ಮಗಳಿಗೆ ಫೋನ್ ಮಾಡಿದ್ದು? ಏನೂ ಹೇಳ್ಬೇಡ ಬಿಡು. ಫೋನಿನ ದನಿ ಕೇಳಿ ಸಾವೋ ಹುಟ್ಟೋ ಅಂತ ಹೇಳ್ತಿದ್ದೋಳು ನಾನು. ಮಗಳು ಆ ಫೋನ್ ಕೆಳಗಿಟ್ಟ ರೀತೀಲೇ ಗೊತ್ತಾಯ್ತು. ಪಾಪೂನ ಕೊಟ್ಟು ಕಳಿಸಿದೀನಿ. ಅವಳು ಬೇಡಮ್ಮಾ ಅಂತ ಅತ್ತಳು. ಕಾನೂನು ಅಂದ್ರೆ ಕಾನೂನು ಅಂದೆ. ಶಿಶುವಿಹಾರಕ್ಕೆ ಬಿಟ್ಟು ಡ್ಯೂಟಿಗೆ ಹೋದಳು. ಮನೇಲಿ ಒಬ್ಬಳೇ ಕೂತಿದೀನಿ.”

ಸುಮ್ನಿರಣ್ಣ ಪೆನ್ನು ಎತ್ತಿಕೊಂಡ. “ಅಮ್ಮಾ, ಗಂಟಲು ಕೆರೀತಿತ್ತಲ್ಲ ಅವತ್ತು?” ಎಂದ.

“ಕೆರೀತಿತ್ತಾ? ಉರೀತಿತ್ತು. ಆದ್ರೆ ಕೆಮ್ಮಿದ್ನಾ?” ದನಿಗೆ ಸ್ವಲ್ಪ ಜೀವ ಬಂತು. “ನೀನೇ ನೋಡ್ದೆ. ನಲವತ್ತು ನಿಮಿಷ! ಅದೇನು ಸುಮ್ನೆ ಆಯ್ತು ಅಂದ್ಕೊಂಡ್ಯಾ? ಒಳಗೆ ಬರೋ ಮುಂಚೆ ಗಂಟಲಿಗೆ ಚೀಪೋ ಮಾತ್ರೆ ಹನ್ನೆರಡು ಚೀಪಿದೀನಿ, ಪೂರ್ತಿ ಪಟ್ಟಿ. ಮೇಲೆ ಕೆಮ್ಮಿನ ಔಷಧಿ ಮೂರು ಮುಚ್ಚಳ. ನಿನ್ನ ಸೊನ್ನೆ ಉಳೀಲಿ ಅಂತ.”

“ಅಮ್ಮಾ, ಅದರಲ್ಲಿ ಬರೀ ಸಕ್ಕರೆ…”

“ಔಷಧಿಯಪ್ಪಾ ಅದು! ತಿಂಡಿ ತಿನ್ಬೇಡಿ ಅಂದ್ರಿ, ತಿನ್ಲಿಲ್ಲ. ದಿನದ ಔಷಧಿ ತಗೋಬಹುದು ಅಂತ ನಿಮ್ಮ ಚೀಟೀಲೇ ಬರೆದಿದೆ.”

ಬರೆದಿತ್ತು, ನಿಜ. ಸುಮ್ನಿರಣ್ಣನಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆದುಕೊಂಡು, “ಅಮ್ಮಾ, ಶುಕ್ರವಾರ ಬರೋವರೆಗೂ ಒಂದು ಮಾತು ನಂಬಿ. ಇದು ನಿಮ್ಮ ತಲೆಯದಲ್ಲ, ನನ್ನ ತಲೆಯ ತಪ್ಪು,” ಎಂದು ಫೋನ್ ಇಟ್ಟು ನೇರ ಡಾಕ್ಟರ್ ಕೋಣೆಗೆ ನಡೆದ.

ಮೂಲ ಚಿತ್ರ, ಹಾಳೆ, ಹನ್ನೆರಡು ಮಾತ್ರೆ, ಮೂರು ಮುಚ್ಚಳ. ಎಲ್ಲವನ್ನೂ ಅವರ ಮುಂದೆ ಇಟ್ಟ. ಡಾಕ್ಟರ್ ಕತ್ತಿನ ಹೊಳಪನ್ನು ಬಹಳ ಹೊತ್ತು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

“ನಾನು ಇದನ್ನ ತೆಗೆದು ನೋಡ್ಬೇಕಿತ್ತು,” ಎಂದರು. ಅಷ್ಟು ಉದ್ದದ ತಪ್ಪೊಪ್ಪಿಗೆ ಅವರ ಬಾಯಿಂದ ಅವನು ಕೇಳಿರಲಿಲ್ಲ. ಮೇಜಿನ ಖಾನೆಯಿಂದ ಒಂದು ನಮೂನೆ ತೆಗೆದು ಅವನತ್ತ ಸರಿಸಿದರು. ಕೆಟ್ಟ ಚಿತ್ರವನ್ನು ಅಧ್ಯಯನದಿಂದ ತೆಗೆದುಹಾಕುವ ನಮೂನೆ. ಹನ್ನೊಂದು ವರ್ಷದಲ್ಲಿ ಅವನ ಕೈಗೆ ಅದು ಬಂದದ್ದು ಅದೇ ಮೊದಲು. ಕಾರಣಕ್ಕೆ ಎರಡು ಚೌಕ: ಭಾಗವಹಿಸಿದವರ ಲೋಪ, ಸಿಬ್ಬಂದಿಯ ಲೋಪ.

“ಮೊದಲನೇದಕ್ಕೆ ಗುರುತು ಹಾಕಿದ್ರೂ ಸುಳ್ಳಾಗಲ್ಲ,” ಎಂದರು ಡಾಕ್ಟರ್, ಕಿಟಕಿಯತ್ತ ನೋಡುತ್ತ. “ಅವರು ಚೀಪಿದ್ದು ನಿಜ ತಾನೇ. ನಿನ್ನ ಸೊನ್ನೆ ಉಳಿಯುತ್ತೆ.”

“ಮೊದಲನೇದಕ್ಕೆ ಹಾಕಿದ್ರೆ ಅವರಿಗೇನಾಗುತ್ತೆ ಮೇಡಂ?”

“ಅಧ್ಯಯನದಿಂದ ಹೆಸರು ಹೋಗುತ್ತೆ. ಮರುಚಿತ್ರಕ್ಕೆ ಅನುಮತಿ ಇರೋದು ಸಿಬ್ಬಂದಿಯ ಲೋಪಕ್ಕೆ ಮಾತ್ರ.”

ಎಂದರೆ ಮಂಕು ನಿಜವೋ ಸುಳ್ಳೋ ಎಂಬ ಅನುಮಾನ ಅನುಮಾನವಾಗಿಯೇ ಉಳಿಯುತ್ತದೆ. ಅಮ್ಮನ ಕಾನೂನಿನಲ್ಲಿ ಅನುಮಾನಕ್ಕೂ ಜಾಗವಿರಲಿಲ್ಲ. ಪಾಪು ವಾಪಸು ಬರುವುದಿಲ್ಲ.

ಸುಳ್ಳೇಕೆ, ಸುಮ್ನಿರಣ್ಣನ ಕೈ ಒಂದು ಕ್ಷಣ ನಿಂತಿತು. ಆರುನೂರ ಹದಿನೈದು ಬೆಳಿಗ್ಗೆಗಳು ಆ ಸೊನ್ನೆಯಲ್ಲಿದ್ದವು. ಜ್ವರ ಬಂದರೂ ರಜೆ ಹಾಕದೆ ಬಂದ ದಿನಗಳು, ಮಾತಿನ ಮಲ್ಲಿಯರನ್ನೂ ಮಲ್ಲರನ್ನೂ ಸುಮ್ಮನಿರಿಸಿದ ದಿನಗಳು. ಆಮೇಲೆ ಆ ಬಾಗಿದ ಅಡ್ಡಗೆರೆ ಕಣ್ಣಿಗೆ ಕಟ್ಟಿತು. ಎರಡನೆಯ ಚೌಕಕ್ಕೆ ಗುರುತು ಹಾಕಿ, ವಿವರದ ಜಾಗದಲ್ಲಿ ಬರೆದ: ‘ಮತ್ತೆ ಬೆರಳು ಚುಚ್ಚಿ ನೋಡಬೇಕಿತ್ತು. ನೋಡಲಿಲ್ಲ. ಗೆರೆ ಎಳೆದೆ.’ ಕೆಳಗೆ ದೊಡ್ಡದಾಗಿ ಸಹಿ ಹಾಕಿದ. ನಮೂನೆಯಲ್ಲಿ ಸಹಿಗೆ ಬಿಟ್ಟಿದ್ದ ಜಾಗ ಸಾಲಲಿಲ್ಲ.

ಶುಕ್ರವಾರದ ಭೇಟಿಯನ್ನು ಡಾಕ್ಟರ್ ಮುಂದೂಡಿದರು; ಅನುಮತಿ ಬರಲು ಎರಡು ವಾರ ಹಿಡಿಯಿತು. ಮರುಚಿತ್ರದ ದಿನ ಸುಮ್ನಿರಣ್ಣ ಮೊದಲು ಅಮ್ಮನ ಕೈಚೀಲ ತಪಾಸಣೆ ಮಾಡಿದ. ಕನ್ನಡಕದ ಪೆಟ್ಟಿಗೆ, ಪಾಪುವಿನ ಒಂದು ಕಾಲುಚೀಲ, ಕರವಸ್ತ್ರ. ಮಾತ್ರೆ ಇರಲಿಲ್ಲ.

“ಪೊಲೀಸ್ ಆಗ್ಬೇಕಿತ್ತು ನೀನು,” ಎಂದರು ಅಮ್ಮ. ನಗಲು ನೋಡಿದರು, ಆಗಲಿಲ್ಲ. ಆ ಎರಡು ವಾರದಲ್ಲಿ ಸೊರಗಿದ್ದರು.

ಗಾಡಿ ಸಮಯಕ್ಕೆ ಸರಿಯಾಗಿ ಬಂತು. ಆದರೂ ಅವನು ಎರಡು ಸಲ ಬೆರಳು ಚುಚ್ಚಿದ. ತೊಂಬತ್ತು, ಎಂಬತ್ತೊಂಬತ್ತು. ಮದ್ದು ಕೊಟ್ಟು, ಬೆಳಕು ತಗ್ಗಿಸಿ, ಕಿಟಕಿಯ ಈಚೆ ನಿಂತ.

ಹದಿಮೂರನೆಯ ನಿಮಿಷಕ್ಕೆ ಅಮ್ಮನ ಗಂಟಲು ಉಬ್ಬಿತು. ಮುಖ ಕೆಂಪಾಯಿತು. ಕುರ್ಚಿಯ ಕೈಯನ್ನು ಹಿಡಿದು, ಕೆಮ್ಮನ್ನು ನುಂಗುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಕಿಟಕಿಯತ್ತ ನೋಡಿದರು. ಒಳಗೆ ಹೋಗಿ ಮಾತಾಡುವ ಹಾಗಿಲ್ಲ. ಸುಮ್ನಿರಣ್ಣ ಗಾಜಿಗೆ ಹತ್ತಿರ ಬಂದು, ಬಾಯಿಗೆ ಮುಷ್ಟಿ ಹಿಡಿದು, ತಾನೇ ದೊಡ್ಡದಾಗಿ ಎರಡು ಸಲ ಕೆಮ್ಮಿ ತೋರಿಸಿದ. ಕಾರಿಡಾರಿನಲ್ಲಿ ಹೋಗುತ್ತಿದ್ದ ನರ್ಸ್ ತಿರುಗಿ ನೋಡಿದಳು. ಅವನು ಅಮ್ಮನತ್ತ ಕೈ ಮಾಡಿ ಮತ್ತೆ ಕೆಮ್ಮಿದ. ಅಮ್ಮನಿಗೆ ಅರ್ಥವಾಯಿತು. ಗಾಜಿನಾಚೆ ಬಾಯಿ ತುಂಬ ಕೆಮ್ಮಿದರು, ಒಂದು, ಎರಡು. ಆಮೇಲೆ ತಣ್ಣಗೆ ಕುರ್ಚಿಗೆ ಒರಗಿದರು.

ಆ ವಾರದ ಶುಕ್ರವಾರ ಡಾಕ್ಟರ್ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ಬಸ್ಸಿನ ಸಮವಸ್ತ್ರದಲ್ಲಿದ್ದ ಮಗಳು ಪಾಪುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಸುಮ್ನಿರಣ್ಣ ಬಾಗಿಲಿಗೆ ಒರಗಿದ್ದ. ಡಾಕ್ಟರ್ ಎರಡು ಮಿದುಳುಗಳನ್ನು ಅಕ್ಕಪಕ್ಕ ಇಟ್ಟರು. ಎರಡೂ ಬೆಳಗುತ್ತಿದ್ದವು, ಮುಂದೆ, ಹಿಂದೆ, ಎರಡೂ ಬದಿಗೆ.

“ಇದು ಎರಡು ವರ್ಷದ ಹಿಂದಿಂದು, ಇದು ಮೊನ್ನೆದು. ಯಾವುದು ಯಾವುದು ಅಂತ ನನಗೇ ಗೊತ್ತಾಗಲ್ಲ,” ಎಂದರು ಡಾಕ್ಟರ್. “ಈ ವಯಸ್ಸಿಗೆ ಇಂಥ ಚಿತ್ರ ನಾನು ನೋಡಿರೋದೇ ಕಡಿಮೆ. ಮಂಕು ಕಾಣಿಸಿದ್ದು ಸಕ್ಕರೆಯಿಂದ. ಅದನ್ನ ಹಿಡಿದಿದ್ದು ನಾನಲ್ಲ, ಇವರು.”

ಎಲ್ಲರೂ ಬಾಗಿಲತ್ತ ತಿರುಗಿದರು. ಸುಮ್ನಿರಣ್ಣನಿಗೆ ಹೇಳಲು ನೂರು ಮಾತಿತ್ತು. ಜೀವಮಾನದಲ್ಲಿ ಮೊದಲ ಸಲ ಸುಮ್ಮನಿದ್ದ.

ಮಗಳು ಪಾಪುವನ್ನು ಅಮ್ಮನ ಮಡಿಲಿಗೆ ಇಳಿಸಿ, ಗಡಿಯಾರ ನೋಡಿ, “ಪಾಳಿಗೆ ಹೊತ್ತಾಯ್ತು ಅಮ್ಮಾ, ಹಾಲು ಫ್ರಿಜ್ಜಲ್ಲಿದೆ,” ಎಂದಳು. ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಹೋದಳು. ಪಾಪು ಅಜ್ಜಿಯ ಕೈಚೀಲಕ್ಕೆ ಕೈಹಾಕಿ ತನ್ನ ಕಾಲುಚೀಲವನ್ನು ಹೊರಗೆಳೆಯಿತು.

ಹೊರಡುವ ಮೊದಲು ಅಮ್ಮ ಮಗುವನ್ನು ಎತ್ತಿಕೊಂಡು ಸುಮ್ನಿರಣ್ಣನ ಕೋಣೆಗೆ ಬಂದರು. “ನನ್ನಿಂದ ನಿನ್ನ ಸೊನ್ನೆ ಹೋಯ್ತಲ್ಲಪ್ಪಾ. ಅದೊಂದು ಕೊರೀತಾ ಇದೆ.”

“ಬನ್ನಿ ಇಲ್ಲಿ,” ಎಂದು ಅವನು ಕಪಾಟಿನ ಬಾಗಿಲು ತೆರೆದ. ಹಾಳೆ ಹೊಸದಾಗಿತ್ತು. ತೆಗೆದದ್ದು ೬೨೧, ಕೆಟ್ಟದ್ದು ೧. ಅದರ ಕೆಳಗೆ ಇನ್ನೊಂದು ಸಾಲು: ಕೆಡಿಸಿದ್ದು ನಾನು, ಹಿಡಿದದ್ದೂ ನಾನು. ಹಳೆಯ ಸೊನ್ನೆಯನ್ನು ತೋರಿಸುವಾಗ ಉಬ್ಬುತ್ತಿದ್ದುದಕ್ಕಿಂತ ಒಂದು ಬೆರಳು ಹೆಚ್ಚೇ ಅವನ ಎದೆ ಉಬ್ಬಿತ್ತು.

ಅಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಮುಖ ಗಂಟಿಕ್ಕಿದರು.

“ಇದೇನಿದು, ಎಲ್ಲಾ ನೀನೇನಾ? ಹನ್ನೆರಡು ಮಾತ್ರೆ ಚೀಪಿದೋಳು ಲೆಕ್ಕಕ್ಕೇ ಇಲ್ವಾ?” ಎಂದು ಪಾಪುವನ್ನು ಅವನ ಕೈಗೆ ಕೊಟ್ಟು, ಅವನ ಜೇಬಿನಿಂದ ಪೆನ್ನು ಕಿತ್ತುಕೊಂಡರು. ಮೂರನೆಯ ಸಾಲನ್ನು ಗುಂಡಗೆ, ಒತ್ತಿ ಬರೆದರು: ಚೀಪಿದ್ದು ನಾನು. ಪಕ್ಕದಲ್ಲಿ ತಮ್ಮ ಫೋನ್ ನಂಬರನ್ನೂ ಬರೆದು, ಮೊಮ್ಮಗಳನ್ನು ಎತ್ತಿಕೊಂಡು ಮನೆಗೆ ಹೊರಟರು.